ಮೈದುನನಿಗೆ ಕಾಲಿಲ್ಲದ್ದರಿಂದ ಆದ ಅನಾಹುತ

"ಎದುರಿಗೆ ಕೂರಿಸಿಕೊಂಡು ಕಲಿಸಿದರೂ ಅಷ್ಟೇ, ಕಂಪ್ಯೂಟರ್ ಪರದೆಯಲ್ಲಿ ಕಲಿಸಿದರೂ ಅಷ್ಟೇ! ಕಲಿಸುವವನಿಗೆ ತಾಕತ್ತಿರಬೇಕು!"

ಪಟ್ಟಿ ಮೇಷ್ಟ್ರು ಕನ್ನಡಿಯ ಮುಂದೆ ನಿಂತು, ಟೈ ಬಿಗಿಯುತ್ತ, ದಂಡಯಾತ್ರೆಗೆ ಹೊರಟ ಮಹಾರಾಜರ ಗತ್ತಿನಲ್ಲಿ ಹೀಗೆ ಸಾರಿದರು. ಸಾರಿದ್ದನ್ನು ಕೇಳಲು ಮನೆಯಲ್ಲಿದ್ದವನು ಮೈದುನ ಒಬ್ಬನೇ. ಅವನು ಸೋಫಾದ ಮೇಲೆ ಒರಗಿ, ಬಾಯಿ ತೆರೆದುಕೊಂಡು, ಚಾವಣಿ ನೋಡುತ್ತಿದ್ದ. ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ.

ಮೈದುನ ಎಂದರೆ ಮನುಷ್ಯನಲ್ಲ, ರಬ್ಬರಿನ ಬೊಂಬೆ. ನಿಂತ ಹೃದಯವನ್ನು ಎದೆ ಒತ್ತಿ ಒತ್ತಿ ಮತ್ತೆ ಓಡಿಸುವುದು ಹೇಗೆ ಅಂತ ಕಲಿಸುತ್ತಾರಲ್ಲ, ಅದಕ್ಕೆ ಬಳಸುವ ಬೊಂಬೆ. ತಲೆಯಿದೆ, ಎದೆಯಿದೆ, ಸೊಂಟದವರೆಗೆ ಬಂದು ನಿಂತುಬಿಡುತ್ತದೆ. ಕೈಯಿಲ್ಲ, ಕಾಲಿಲ್ಲ. ಮೇಷ್ಟ್ರು ಆಫೀಸು ಫ್ಯಾಕ್ಟರಿಗಳ ಕೆಲಸಗಾರರಿಗೆ ಪ್ರಥಮ ಚಿಕಿತ್ಸೆ ಕಲಿಸುವವರು. ಅರ್ಧ ಆಯುಸ್ಸು ಬೇರೆಯವರ ಕೈಕಾಲಿಗೆ ಪಟ್ಟಿ ಕಟ್ಟುವುದರಲ್ಲೇ ಕಳೆದದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕಂಪನಿಯವರು ತರಬೇತಿ ಹಾಲಿಗೆ ಬೀಗ ಜಡಿದ ದಿನ, ಬೊಂಬೆಯನ್ನು ಅಲ್ಲೇ ಧೂಳು ತಿನ್ನಲು ಬಿಡಲಾರದೆ ಮೇಷ್ಟ್ರು ಹೆಗಲ ಮೇಲೆ ಹೊತ್ತು ಮನೆಗೆ ತಂದಿದ್ದರು.

"ಇದು ಯಾರ್ರೀ?" ಎಂದು ಬಾಗಿಲಲ್ಲೇ ತಡೆದಿದ್ದರು ಹೆಂಡತಿ.

"ಆಫೀಸಿನ ಬೊಂಬೆ ಕಣೇ. ಸ್ವಲ್ಪ ದಿನ ಇಲ್ಲೇ ಇರತ್ತೆ."

"ಇರಲಿ ಬಿಡಿ. ನನಗೊಬ್ಬ ಮೈದುನ ಇಲ್ಲ ಅನ್ನೋ ಕೊರತೆ ಮದುವೆ ಆದಾಗಿನಿಂದ ಇತ್ತು. ಊಟಕ್ಕೇನೂ ಕೇಳಲ್ಲ ತಾನೇ?"

ಕೇಳಲಿಲ್ಲ. ಆದರೆ ಅಷ್ಟರಲ್ಲಿ ಅತ್ತಿಗೆಯೇ ಊರು ಬಿಟ್ಟರು! ಮಗಳಿಗೆ ಹೆರಿಗೆಯಾಗಿತ್ತು. ಒಂದು ತಿಂಗಳು ಅಂತ ಹೋದವರು ಮಗು ನಗುವುದನ್ನು ನೋಡಿ ಬರುತ್ತೇನೆ ಅಂದರು, ಮಗುಚುವುದನ್ನು ನೋಡಿ ಬರುತ್ತೇನೆ ಅಂದರು, ಈಗ ಹಲ್ಲಿಗೆ ಕಾಯುತ್ತಿದ್ದರು. ದಿನಾ ಸಂಜೆ ವಿಡಿಯೋ ಕರೆ ಬರುತ್ತಿತ್ತು. ಹೆಂಡತಿ ಫೋನನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟು, ಮಗುವಿನ ಬಟ್ಟೆ ಬದಲಿಸುತ್ತ ಮಾತಾಡುತ್ತಿದ್ದರು. ಹಾಗಾಗಿ ಮೇಷ್ಟ್ರಿಗೆ ಮಗಳ ಮನೆಯ ಫ್ಯಾನು ಚೆನ್ನಾಗಿ ಪರಿಚಯ. ಮೊಮ್ಮಗುವಿನ ಮುಖ ಅಷ್ಟಾಗಿ ಇಲ್ಲ. ಕರೆ ಮುಗಿದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಮಾತ್ರ ಉಳಿಯುತ್ತಿತ್ತು. ಅದು ನಿಂತಾಗ ಮೇಷ್ಟ್ರು ಬೆಚ್ಚಿ, ಯಾರೋ ಎದ್ದು ಹೋದರೇನೋ ಎಂದು ತಿರುಗಿ ನೋಡುತ್ತಿದ್ದರು.

ತರಬೇತಿ ಹಾಲಿನ ನೆನಪು ಬಂದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಂಥ ಗಲಾಟೆ ಅಲ್ಲಿ! ಚಾಪೆಗಳ ಮೇಲೆ ಜನ ಜೋಡಿ ಜೋಡಿಯಾಗಿ ಕೂತು ಒಬ್ಬರ ತಲೆಗೊಬ್ಬರು ಪಟ್ಟಿ ಸುತ್ತುತ್ತಿದ್ದರು. ಒಂದೇ ಆಫೀಸಿನಲ್ಲಿದ್ದೂ ಮುಖ ನೋಡದ ಡ್ರೈವರೂ ಅಕೌಂಟೆಂಟೂ ಟೀ ಹೊತ್ತಿಗೆ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದರು. ತರಗತಿ ಶುರುವಾಗುತ್ತಿದ್ದುದೇ ಮೇಷ್ಟ್ರ ನಾಟಕದಿಂದ. ಒಳಗೆ ಬಂದವರೇ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದುಬಿಡುವುದು! ಜನ ಗಾಬರಿಯಾಗಿ ಕಿರುಚುವುದು! ಆಮೇಲೆ ಎದ್ದು ಕೂತು, "ನೋಡಿದ್ರಾ? ಎಲ್ಲರೂ ಕಿರುಚಿದ್ರಿ, ಒಬ್ಬರೂ ಹತ್ತಿರ ಬರಲಿಲ್ಲ!" ಎನ್ನುವುದು. ಅಲ್ಲಿಂದ ಮುಂದೆ ಇಡೀ ಹಾಲು ಅವರ ಮುಷ್ಟಿಯಲ್ಲಿ.

ಈಗ ಹಾಲಿಲ್ಲ. ಕಂಪನಿಯ ಹೊಸ ಮ್ಯಾನೇಜರ್ ಮೇಡಂ, ಮಗಳ ವಯಸ್ಸಿನವರು, ಫೋನು ಮಾಡಿ ಹೇಳಿದ್ದರು: "ಸರ್, ಒಂದು ಕ್ಲಾಸು ಆನ್‌ಲೈನಲ್ಲಿ ಮಾಡಿ ತೋರಿಸಿ. ಪರಿಣಾಮಕಾರಿ ಅನ್ನಿಸಿದ್ರೆ ನೀವೇ ಮುಂದುವರಿಸಿ. ಇಲ್ಲಾಂದ್ರೆ ರೆಡಿಮೇಡ್ ವಿಡಿಯೋ ತಗೊಂಡುಬಿಡ್ತೀವಿ. ಪಾಪ, ನೀವೂ ಎಷ್ಟೂಂತ ಕಷ್ಟಪಡ್ತೀರಾ? ಆರಾಮಾಗಿ ಮನೇಲಿರಿ."

ಆರಾಮಾಗಿ ಮನೇಲಿರಿ! ಮೇಷ್ಟ್ರಿಗೆ ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಮನೆಯಲ್ಲಿ ಆರಾಮಾಗಿರುವುದು ಎಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಾಗಿಹೋಗಿತ್ತು. ಈ ಕೆಲಸವೂ ಕೈಬಿಟ್ಟರೆ ದಿನಕ್ಕೊಂದು ಸಲ "ಕೇಳಿಸ್ತಿದ್ಯಾ?" ಎನ್ನಲೂ ಯಾರೂ ಉಳಿಯುವುದಿಲ್ಲ. ಆದ್ದರಿಂದ ಜಂಬದಿಂದಲೇ ಹೇಳಿದರು: "ಆನ್‌ಲೈನ್ ತಾನೇ ಮೇಡಂ? ಎಡಗೈಲಿ ಮಾಡ್ತೀನಿ!" ಆ ಎಡಗೈಯೇ ಕಟ್ಟಿಹೋಗಿ ಬಲಗೈ ಒಂದೇ ಉಳಿಯುತ್ತದೆ ಎಂದು ಆಗ ಅವರಿಗೇನು ಗೊತ್ತು!

ಜನ ಸಾಲದಿದ್ದರೆ ಮರ್ಯಾದೆ ಹೋಗುತ್ತದೆಂದು, ಕಟ್ಟಡದ ಮೆಟ್ಟಿಲ ಬಳಿಯ ಗೋಡೆಗೂ ಒಂದು ಚೀಟಿ ಅಂಟಿಸಿದರು: "ಪ್ರಾಣ ಉಳಿಸುವುದನ್ನು ಮನೆಯಲ್ಲೇ ಕೂತು ಕಲಿಯಿರಿ! ಉಚಿತ!" ಕೆಳಗೆ ತರಗತಿಯ ಲಿಂಕು. ಕೈ ಮರೆಯಬಾರದೆಂದು ದಿನಾ ಬೆಳಗ್ಗೆ ಮೈದುನನನ್ನು ನೆಲದ ಮೇಲೆ ಮಲಗಿಸಿ, ಎದೆ ಒತ್ತುವ ಅಭ್ಯಾಸವನ್ನೂ ಮಾಡುತ್ತಿದ್ದರು. ಧಡ್, ಧಡ್, ಧಡ್! ಒಡನೆ ಕೆಳಗಿನ ಮನೆಯಿಂದ ಉತ್ತರ ಬರುತ್ತಿತ್ತು. ಯಾರೋ ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟುತ್ತಿದ್ದರು: ಟಕ್ ಟಕ್ ಟಕ್ ಟಕ್, ಒಂದೇ ಸಮನೆ. ಮೇಷ್ಟ್ರು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

"ಕೆಳಗಿನ ಮನೆ ಪೊರಕೆಗೆ ನನ್ನ ಕಂಡ್ರಾಗಲ್ಲ ಕಣೇ" ಎಂದು ಹೆಂಡತಿಯ ಬಳಿ, ಅಂದರೆ ಫ್ಯಾನಿನ ಬಳಿ, ದೂರು ಹೇಳಿದ್ದರು.

"ಹೋಗಿ ಮಾತಾಡ್ಸಿ ಬನ್ನಿ."

"ಪೊರಕೆ ಹಿಡ್ಕೊಂಡಿರೋರನ್ನ ಯಾರಾದ್ರೂ ಹೋಗಿ ಮಾತಾಡಿಸ್ತಾರಾ?"

"ನಾನು ದಿನಾ ಹಿಡ್ಕೊಂಡಿರ್ತಿದ್ದೆ. ನೀವು ಮಾತಾಡಿಸ್ತಿರಲಿಲ್ವಾ?" ಅಂದರು ಫ್ಯಾನು.

ಅಂತೂ ಆ ಮಹಾದಿನ ಬಂತು. ಮೇಷ್ಟ್ರ ಸೊಂಟದ ಮೇಲೆ ಇಸ್ತ್ರಿ ಶರ್ಟು, ಟೈ. ಸೊಂಟದ ಕೆಳಗೆ ಪರದೆಯಲ್ಲಿ ಯಾರು ನೋಡುತ್ತಾರೆ ಎಂದು ಮೊಲಗಳ ಚಿತ್ರವಿದ್ದ ಪೈಜಾಮ ಧರಿಸಿದರು. ಕರೆಗಂಟೆ ತೊಂದರೆ ಕೊಡದಿರಲಿ ಎಂದು ಅದರ ವೈರು ಕಿತ್ತರು. ಬಾಗಿಲಿಗೆ ಚಿಲಕ ಹಾಕಿದರು. ಫೋನನ್ನು ಅಡುಗೆಮನೆಯಲ್ಲಿಟ್ಟರು. ಲ್ಯಾಪ್‌ಟಾಪನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಚಾರ್ಜರಿನ ವೈರನ್ನು ನೆಲದ ಮೇಲೆ ಹರಿಯಬಿಟ್ಟರು. ಹೊರಜಗತ್ತಿನಿಂದ ತಮ್ಮನ್ನು ತಾವೇ ಇಷ್ಟು ಅಚ್ಚುಕಟ್ಟಾಗಿ ಕತ್ತರಿಸಿಕೊಂಡವರು ಇನ್ನೊಬ್ಬರಿರಲಾರರು.

ತರಗತಿ ತೆರೆಯಿತು. ನಲವತ್ತು ಕಪ್ಪು ಚೌಕಗಳು! ಒಂದರಲ್ಲೂ ಮುಖವಿಲ್ಲ. ಒಂದು ಮೂಲೆಯಲ್ಲಿ ಮ್ಯಾನೇಜರ್ ಮೇಡಂ ಅವರ ಚೌಕ, ಅದೂ ಕಪ್ಪು. ಕೊನೆಯಲ್ಲಿ ಬರೀ 'ಗೆಸ್ಟ್' ಎಂದಿದ್ದ ಒಂದು ಚೌಕ.

ಮೇಷ್ಟ್ರು ಧೈರ್ಯಗೆಡಲಿಲ್ಲ. "ನಮಸ್ಕಾ..." ಎನ್ನುತ್ತಲೇ ಎದೆ ಹಿಡಿದುಕೊಂಡು, ಮೊದಲೇ ಹಾಸಿಟ್ಟಿದ್ದ ಹಾಸಿಗೆಯ ಮೇಲೆ ಮೆತ್ತಗೆ ಬಿದ್ದರು. ಬಿದ್ದು ಕಾದರು. ಕಿರುಚಾಟವಿಲ್ಲ. ಗಾಬರಿಯಿಲ್ಲ. ಪಿಟಕ್ಕೆಂದವರಿಲ್ಲ. ಫ್ರಿಜ್ಜು ಮಾತ್ರ ಗುಂಯ್ ಅನ್ನುತ್ತಿತ್ತು. ತಲೆಯೆತ್ತಿ ನೋಡಿದರೆ ಯಾರೋ ಬರೆದಿದ್ದರು: "ಸರ್, ನಿಮ್ಮ ವಿಡಿಯೋ ಕಾಣ್ತಿಲ್ಲ."

ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಮೇಷ್ಟ್ರಿಗೆ, ನಿಜವಾಗಿಯೂ ಬಿದ್ದರೆ ಹೀಗೇ ಇರುತ್ತದೇನೋ ಎನ್ನಿಸಿತು. ಆ ಯೋಚನೆಯನ್ನು ಕೊಡವಿಕೊಂಡು ಎದ್ದರು.

ಮೊದಲು ಜಾಗ ಅಪಾಯದ್ದಾ ನೋಡಿ, ಭುಜ ತಟ್ಟಿ ಕೂಗಿ, ಉಸಿರು ನೋಡಿ ಎಂದು ಹೇಳಿಕೊಟ್ಟು, ಮೈದುನನ ಎದೆ ಒತ್ತಿ ತೋರಿಸಿದರು. "ನಿಮಿಷಕ್ಕೆ ನೂರಕ್ಕೆ ಕಡಿಮೆ ಆಗಬಾರದು! ಎಲ್ಲರೂ ದಿಂಬಿನ ಮೇಲೆ ಮಾಡ್ತಿದೀರಾ?" ನಲವತ್ತು ಚೌಕಗಳಲ್ಲಿ ಒಂದು "ಹೂಂ ಸರ್" ಎಂದು ಬರೆಯಿತು. ಮಿಕ್ಕವರು ದಿಂಬಿನ ಮೇಲೆ ಏನು ಮಾಡುತ್ತಿದ್ದರೋ, ಬಹುಶಃ ತಲೆ ಇಟ್ಟಿದ್ದರು. ವಿಚಿತ್ರವೆಂದರೆ ಅಂದು ಕೆಳಗಿನ ಮನೆಯ ಪೊರಕೆಯೂ ಸುಮ್ಮನಿತ್ತು. ಅವರೂ ಊರಿಗೆ ಹೋದರೇನೋ ಅಂದುಕೊಂಡರು. ಅದರ ಟಕ್ ಟಕ್ ಇಲ್ಲದೆ ಅವರಿಗೆ ಒಂಥರಾ ಬಿಕೋ ಅನ್ನಿಸಿತು.

"ಈಗ ಕಾಲಿನ ಮೂಳೆ ಮುರಿದಾಗ!" ಎಂದು ಕೂಗಿ ಮೇಷ್ಟ್ರು ಮೈದುನನ ಕಡೆ ತಿರುಗಿದರು. ತಿರುಗಿದವರು ಗರಬಡಿದವರಂತೆ ನಿಂತರು. ಮೈದುನನಿಗೆ ಕಾಲಿಲ್ಲ!

ಹಾಲಿನಲ್ಲಿ ಈ ಸಮಸ್ಯೆಯೇ ಬರುತ್ತಿರಲಿಲ್ಲ. ಇದ್ದವರಲ್ಲೇ ದಢೂತಿ ಆಸಾಮಿಯನ್ನು ಕೈ ಹಿಡಿದು ಎಳೆದು ಮಲಗಿಸಿದರೆ ಆಯಿತು. ಪಾಠಕ್ಕೆ ಪಾಠ, ನಗುವಿಗೆ ನಗು. ಇಲ್ಲಿ ಯಾರ ಕಾಲು ಹಿಡಿಯುವುದು? ಅಷ್ಟರಲ್ಲಿ ಮ್ಯಾನೇಜರ್ ಮೇಡಂ ಬರೆದರು: "ಸರ್, ಇನ್ನೂ ಸ್ವಲ್ಪ ಆಸಕ್ತಿ ಹುಟ್ಟೋ ಹಾಗೆ ಮಾಡಿ."

ಮೇಷ್ಟ್ರ ರೋಷ ಕೆರಳಿತು. "ರೋಗಿಯೂ ನಾನೇ, ವೈದ್ಯನೂ ನಾನೇ!" ಎಂದು ಘರ್ಜಿಸಿ, ಪರದೆಯನ್ನು ಬಗ್ಗಿಸಿ, ನೆಲದ ಮೇಲೆ ಕಾಲು ಚಾಚಿ ಕೂತರು. ಮೊಲಗಳು ಪ್ರತ್ಯಕ್ಷವಾದವು. "ಮೊಲಗಳು ಚೆನ್ನಾಗಿವೆ ಸರ್" ಎಂದು ಒಬ್ಬರು ಬರೆದರು. ಅದಕ್ಕೆ ಮಾತ್ರ ಹತ್ತಾರು ಚಪ್ಪಾಳೆಯ ಗುರುತುಗಳು ಬಂದವು.

ಮುರಿದ ಕಾಲನ್ನು ಆಡದಂತೆ ಇಡಲು ಅದನ್ನು ಇನ್ನೊಂದು ಕಾಲಿಗೇ ಸೇರಿಸಿ ಕಟ್ಟುವುದು ಕ್ರಮ. ಮಧ್ಯೆ ಒಂದು ದಿಂಬು. ಪಾದದ ಹತ್ತಿರ ಒಂದು ಗಂಟು, ಮೊಣಕಾಲಿನ ಹತ್ತಿರ ಒಂದು ಗಂಟು. "ಗಂಟಿನಲ್ಲೇ ಇದೆ ಗುಟ್ಟು! ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಹೀಗೆ ಹಾಕಿದ್ರೆ ಎಷ್ಟು ಎಳೆದ್ರೂ ಜಾರಲ್ಲ, ಬೇಕಾದಾಗ ಒಂದು ತುದಿ ಹಿಂದಕ್ಕೆ ಜಗ್ಗಿದ್ರೆ ಬಿಚ್ಕೊಳ್ಳತ್ತೆ. ತಪ್ಪಿದ್ರೆ ದೇವರೇ ಗತಿ!"

ಗಂಟಿನ ಮೊದಲ ಸುತ್ತು ಸರಿಯಾಗಿಯೇ ಬಿತ್ತು. ಎರಡನೆಯ ಸುತ್ತಿಗೆ ಮೇಷ್ಟ್ರ ಹೊಟ್ಟೆ ಅಡ್ಡ ಬಂದು ಗಂಟು ಕಾಣದಾಯಿತು. ಪರವಾಗಿಲ್ಲ, ಪರದೆಯಲ್ಲಿ ಕಾಣುತ್ತಿದೆಯಲ್ಲ! ಅದನ್ನೇ ನೋಡಿಕೊಂಡು ಕಟ್ಟತೊಡಗಿದರು. ಅಲ್ಲೇ ಎಡವಟ್ಟಾದದ್ದು. ಎದುರಿಗಿರುವವರ ಬಲ ತನ್ನ ಎಡ ಎಂದು ಲೆಕ್ಕ ಹಾಕಿ ಕಲಿಸಿ ಕಲಿಸಿ ಅವರ ಕೈಗೆ ಅದೇ ಚಾಳಿ. ಈಗ ಪರದೆಯಲ್ಲಿ ಎದುರಿಗೊಬ್ಬ ಮನುಷ್ಯ, ಟೈ ಕಟ್ಟಿಕೊಂಡು ಕೂತಿದ್ದಾನೆ. ಮೇಷ್ಟ್ರ ಕೈ ತಡಮಾಡದೆ ತಿರುವುಮುರುವು ಮಾಡಿತು. ಎದುರಿಗಿದ್ದ ಆ ಶಿಷ್ಯ ತಾನೇ ಎಂಬುದು ಕೈಗೆ ಹೇಗೆ ಗೊತ್ತಾಗಬೇಕು! ಹೀಗೆ ಪಾದದ ಗಂಟು, ಮೊಣಕಾಲಿನ ಗಂಟು ಎರಡೂ ಉಲ್ಟಾ ಬಿದ್ದವು. ಸಾಲದ್ದಕ್ಕೆ ನೆಲದಲ್ಲಿ ಹರಿದಿದ್ದ ಚಾರ್ಜರಿನ ವೈರೂ ಪಟ್ಟಿಯೊಳಗೆ ಸೇರಿ ಬಿಗಿಯಿತು.

"ಮೂಳೆ ಅನ್ನೋದು ಒಂದೊಂದಾಗಿ ಮುರಿಯಲ್ಲ! ಎಡಗೈಯೂ ಮುರಿದಿದೆ ಅಂದ್ಕೊಳ್ಳಿ!" ಮೇಷ್ಟ್ರಿಗೆ ಹುಮ್ಮಸ್ಸು ಏರಿಬಿಟ್ಟಿತ್ತು. ಎಡಗೈಯನ್ನು ಜೋಳಿಗೆಯಂತೆ ಕುತ್ತಿಗೆಗೆ ತೂಗುಹಾಕಿ, ಮೇಲೊಂದು ಅಗಲದ ಪಟ್ಟಿಯನ್ನು ಎದೆಯ ಸುತ್ತ ಬಳಸಿ, ಬಲಗೈ ಮತ್ತು ಹಲ್ಲಿನ ಸಹಾಯದಿಂದ ಗಂಟು ಬಿಗಿದರು. ಕಣ್ಣು ಮತ್ತೆ ಪರದೆಯ ಮೇಲೆ. ಗಂಟು ಮತ್ತೆ ಉಲ್ಟಾ.

"ಈಗ ನೋಡಿ ಚಮತ್ಕಾರ! ಒಂದೇ ಎಳೆತ!"

ಎಳೆದರು. ಬಿಗಿಯಿತು. ಮುಗುಳ್ನಕ್ಕು ಇನ್ನೊಮ್ಮೆ ಎಳೆದರು. ಇನ್ನೂ ಬಿಗಿಯಿತು. ಮುಗುಳ್ನಗೆ ನಿಂತಿತು. ಮೊಣಕಾಲಿನ ಗಂಟಿಗೆ ಕೈ ಹಾಕಿದರು, ಕಲ್ಲಾಗಿತ್ತು. ಎದ್ದು ನಿಂತರೆ ಏನಾದರೂ ದಾರಿ ಸಿಕ್ಕೀತೆಂದು ಬಲಗೈಯೂರಿ ಮೇಲೆದ್ದರು. ಜೋಡಿಕಾಲು ಕೈಕೊಟ್ಟಿತು! ಧಡಾರ್ ಎಂದು ಹಾಸಿಗೆ ಬಿಟ್ಟು ಬರೀ ನೆಲಕ್ಕೆ ಉರುಳಿದರು. ವೈರು ಜಗ್ಗಿ ಸ್ಟೂಲು ಮೇಷ್ಟ್ರಿಗಿಂತ ಹೆಚ್ಚು ನಡುಗಿತು.

"ಅಯ್ಯಯ್ಯೋ! ಬಿದ್ದೆ! ಯಾರಾದ್ರೂ ಬನ್ರಪ್ಪಾ!"

ಚೌಕಗಳು ಮೊದಲ ಬಾರಿಗೆ ಜೀವ ತಳೆದವು. "ಸೂಪರ್ ಆಕ್ಟಿಂಗ್ ಸರ್!" "ಅದ್ಭುತ!"

"ಇದು ಆಕ್ಟಿಂಗ್ ಅಲ್ಲ! ನಿಜ!"

"ನಿಜ ಅಂತಾನೇ ಅನ್ನಿಸ್ತಿದೆ ಸರ್!"

"ಅಯ್ಯೋ, ನಿಜವಾಗ್ಲೂ ನಿಜ ಕಣ್ರೀ!"

ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ. ಮ್ಯಾನೇಜರ್ ಮೇಡಂ ಬರೆದರು: "ತುಂಬಾ ಪರಿಣಾಮಕಾರಿ ಸರ್! ನನಗಿನ್ನೊಂದು ಮೀಟಿಂಗ್ ಇದೆ. ನೀವು ಮುಂದುವರಿಸಿ." ಅವರ ಚೌಕ ಆರಿತು. ಅದೇ ನೆಪ, ಮಿಕ್ಕವರೂ ಕಾಲು ಕಿತ್ತರು. "ಥ್ಯಾಂಕ್ಯೂ ಸರ್", "ಬೈ ಸರ್", "ಮೊಲಕ್ಕೂ ಬೈ ಸರ್". ಒಂದೊಂದಾಗಿ ಚೌಕಗಳು ಮಾಯವಾಗುತ್ತಿದ್ದವು. ನೆಲಕ್ಕೆ ಕೆನ್ನೆ ಊರಿ ಮಲಗಿದ್ದ ಮೇಷ್ಟ್ರು, ಹೋಗುವವರಿಗೆಲ್ಲ "ಹೋಗ್ಬೇಡ್ರಪ್ಪಾ, ಒಬ್ಬರಾದ್ರೂ ಇರಿ" ಎನ್ನುತ್ತಿದ್ದರು. ಅದೂ ಪಾಠದ ಭಾಗವೆಂದುಕೊಂಡು ಕೆಲವರು ಹೃದಯದ ಗುರುತು ಕಳಿಸಿ ಹೋದರು.

ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ! ನಾಲ್ಕು ಹೆಜ್ಜೆಯಾಚೆ ಹೆಂಡತಿಯ ಧ್ವನಿ ಇದೆ, ಎತ್ತಿಕೊಳ್ಳಲಾಗದು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಆಗ ಮೇಷ್ಟ್ರಿಗೆ ನಿಜವಾಗಿ ಅಳು ಬಂತು. ಸಾವಿರಾರು ಜನಕ್ಕೆ ಪ್ರಾಣ ಉಳಿಸುವುದನ್ನು ಕಲಿಸಿದವರು. ಆ ಸಾವಿರಾರು ಜನರಲ್ಲಿ ಇವರ ಮನೆ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.

ಪರದೆಯಲ್ಲಿ ಒಂದೇ ಒಂದು ಚೌಕ ಉಳಿದಿತ್ತು. ಗೆಸ್ಟ್. ಅದರ ಮೂಲೆಯಲ್ಲಿ ಪುಟ್ಟದೊಂದು ಕೈ ಎತ್ತಿದ ಗುರುತು. ಆಗಿನಿಂದಲೂ ಎತ್ತಿಯೇ ಇತ್ತು; 'ಪ್ರಶ್ನೆಗಳು ಕೊನೆಗೆ' ಎಂದು ಮೇಷ್ಟ್ರೇ ಅಲಕ್ಷ್ಯ ಮಾಡಿದ್ದರು.

"ನೀವಾದ್ರೂ ಇದೀರಾ? ಇದ್ರೆ ಒಂದು ಮಾತಾಡಿ" ಎಂದರು. ಉತ್ತರವಿಲ್ಲ. ಹತಾಶರಾಗಿ, ಬೈಸಿಕೊಳ್ಳುವುದಾದರೂ ಆಗಲಿ, ಆ ಪೊರಕೆಯಾದರೂ ಮನೆಯಲ್ಲಿರಲಿ ಎಂದು ಜೋಡಿಕಾಲೆತ್ತಿ ನೆಲಕ್ಕೆ ಅಪ್ಪಳಿಸಿದರು. ಧಡ್! ಧಡ್!

ಕೆಳಗಿನಿಂದ ಬಂತು: ಟಕ್ ಟಕ್!

ಮೇಷ್ಟ್ರು ಕಿವಿಯನ್ನು ನೆಲಕ್ಕೆ ಒತ್ತಿದರು. ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದಲೂ ಬಂತು: ಟಕ್ ಟಕ್!

ಮತ್ತೊಮ್ಮೆ ಅಪ್ಪಳಿಸಿದರು. ನೆಲದಡಿಯಿಂದ ಟಕ್ ಟಕ್. ಒಂದು ಉಸಿರಿನ ನಂತರ ಲ್ಯಾಪ್‌ಟಾಪಿನಲ್ಲಿ ಟಕ್ ಟಕ್. ಆಮೇಲೆ ಗಂಟಲು ಸರಿಪಡಿಸಿಕೊಂಡ ಒಂದು ಹೆಂಗಸಿನ ದನಿ: "ಕೇಳಿಸ್ತಿದ್ಯಾ ಮೇಷ್ಟ್ರೇ? ಈ ಮೈಕಿನ ಗುಂಡಿ ಎಲ್ಲಿದೆ ಅಂತ ಈಗ ಸಿಕ್ತು! ಆಗಿಂದ ಒಬ್ಬಳೇ ಕಿರುಚ್ತಾ ಇದೀನಿ. ನಿಜವಾಗಿ ಬಿದ್ರಿ ತಾನೇ?"

"ನಿಜವಾಗಿ ಬಿದ್ದೆ ಅಮ್ಮಾ! ಯಾರೂ ನಂಬಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಮೊದಲನೇ ಸಲ ಬಿದ್ದಾಗ ನಮ್ಮನೆ ದೀಪ ಅಲ್ಲಾಡಲಿಲ್ಲ. ಎರಡನೇ ಸಲ ಅಲ್ಲಾಡ್ತು. ಬರ್ತೀನಿ, ಬಾಗಿಲು ತೆಗೀರಿ."

ಬಾಗಿಲು ತೆಗೆಯುವುದು! ಮೇಷ್ಟ್ರು ಕುಂಡೆ ಎಳೆದುಕೊಂಡು ಹೊರಟರು. ವೈರು ಬಂತು, ವೈರಿನ ಹಿಂದೆ ಲ್ಯಾಪ್‌ಟಾಪು ಬಂದು ಹಾಸಿಗೆಯ ಮೇಲೆ ಅಂಗಾತ ಬಿತ್ತು. ದಾರಿಯಲ್ಲಿ ಮೈದುನ ಸಿಕ್ಕಿದ. ಚಿಲಕ ಕೈಗೆಟುಕಲಿಲ್ಲ. ಮೇಷ್ಟ್ರು ಮೈದುನನ ಕುತ್ತಿಗೆ ಹಿಡಿದೆತ್ತಿ, ಅವನ ತಲೆಯಿಂದಲೇ ಚಿಲಕಕ್ಕೆ ಗುದ್ದಿದರು. ಮೂರು ಗುದ್ದಿಗೆ ಚಿಲಕ ಸರಿಯಿತು. ಕಾಲಿಲ್ಲದ್ದಕ್ಕೆ ಪ್ರಾಯಶ್ಚಿತ್ತವನ್ನು ಮೈದುನ ತಲೆಯಿಂದ ಮಾಡಿಕೊಂಡ.

ಬಾಗಿಲಲ್ಲಿ ನಿಂತದ್ದು ಮೇಷ್ಟ್ರ ವಯಸ್ಸಿನದೇ ಒಬ್ಬ ಹೆಂಗಸು. ಕನ್ನಡಕ, ಹಿಂದಕ್ಕೆ ಬಿಗಿದ ತುರುಬು, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಮರೆತು ತಂದ ಪೊರಕೆ. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಬನ್ನಿ ಅಮ್ಮಾ, ಬಿಚ್ಚಿ!"

"ತಡೀರಿ. ಮೊದಲು ಜಾಗ ಅಪಾಯದ್ದಾ ಅಂತ ನೋಡ್ಬೇಕು. ನೀವೇ ಹೇಳಿದ್ದು." ವೈರನ್ನು ಪೊರಕೆಯಿಂದ ಬದಿಗೆ ಸರಿಸಿ, ಹತ್ತಿರ ಬಂದು, ಮೇಷ್ಟ್ರ ಎರಡು ಭುಜವನ್ನೂ ತಟ್ಟಿ ಕಿವಿಯ ಬಳಿ ಕೂಗಿದರು: "ಸಾರ್! ಕೇಳಿಸ್ತಿದ್ಯಾ ಸಾರ್?"

"ಕೇಳಿಸ್ತಿದೆ! ಮಾತಾಡ್ತಾ ಇದೀನಲ್ಲ ತಾಯಿ!"

"ಮಾತಾಡ್ತಿದಾರೆ ಅಂತ ನಂಬಬಾರದು ಅಂದ್ರಲ್ಲ ನೀವು. ಉಸಿರಾಡ್ತಿದೀರಾ? ಹೂಂ, ಆಡ್ತಿದೀರಿ." ತೃಪ್ತಿಯಾದ ಮೇಲೆಯೇ ಗಂಟಿಗೆ ಕೈ ಹಾಕಿದರು. ಎಳೆದರು. ಗಂಟು ಇನ್ನಷ್ಟು ಬಿಗಿಯಿತು.

ಆ ಹೊತ್ತಿಗೆ ಅಡುಗೆಮನೆಯ ಫೋನು ಮತ್ತೆ ಬಡಿದುಕೊಂಡಿತು. ಅವರು ಹೋಗಿ ಎತ್ತಿದರು. ಅಂದು ಮಾತ್ರ ಹೆಂಡತಿ ಫೋನನ್ನು ಮುಖಕ್ಕೆ ನೇರವಾಗಿ ಹಿಡಿದಿದ್ದರು.

"ರೀ, ಎಷ್ಟು ಸಲ ಮಾಡೋದು, ಎಲ್ಲಿ ಹಾಳಾಗಿ... ಯಾರು ನೀವು?"

"ಕೆಳಗಿನ ಮನೆಯವಳು."

"ನಮ್ಮ ಯಜಮಾನ್ರೆಲ್ಲಿ?"

"ಇಲ್ಲೇ ನೆಲದ ಮೇಲಿದಾರೆ. ಕಟ್ಟಿಹಾಕಿದೆ."

"ಕಟ್ಟಿ ಹಾಕಿದೀರಾ!"

"ನಾನಲ್ಲಮ್ಮಾ, ಅವರನ್ನ ಅವರೇ ಕಟ್ಕೊಂಡಿದಾರೆ. ನಾನು ಬಿಚ್ಚೋಕೆ ಬಂದೆ." ಎಂದು ಫೋನನ್ನು ಮೇಷ್ಟ್ರ ಕಡೆ ತಿರುಗಿಸಿದರು.

ಹೆಂಡತಿ ನೋಡಿದರು. ಟೈ, ಪಟ್ಟಿ, ಮೊಲಗಳು. "ಅಯ್ಯೋ, ಬಾಗಿಲ ಹತ್ತಿರ ಮೈದುನ ಬಿದ್ದಿದಾನಲ್ರೀ, ಅವನಿಗೇನಾಯ್ತು?" ಎಂದು ಗಾಬರಿಯಾದರು. ಆಮೇಲೆ ನಗತೊಡಗಿದರು. ನಗುತ್ತ ನಗುತ್ತ ಅವರ ದನಿ ಸಣ್ಣಗಾಯಿತು. "ನಿಮ್ಮನ್ನ ಒಬ್ಬರನ್ನೇ ಬಿಟ್ಟು ತುಂಬಾ ದಿನ ಆಯ್ತಲ್ವೇನ್ರೀ? ಹಲ್ಲು ಬಂದ್ರೆ ಫೋನಲ್ಲೇ ತೋರಿಸು ಅಂತ ಮಗಳಿಗೆ ಹೇಳಿ ಹೊರಟು ಬರ್ತೀನಿ ತಾಳಿ." ಮೇಷ್ಟ್ರು ಮುಖ ತಿರುಗಿಸಿದರು. ಇದ್ದ ಒಂದು ಕೈಯನ್ನು ನೆಲಕ್ಕೂರಿದ್ದರಿಂದ ಕಣ್ಣನ್ನು ಮೈದುನನ ತಲೆಗೆ ಒರೆಸಿದರು.

ಕೊನೆಗೆ ಕತ್ತರಿಯೇ ಗೆದ್ದಿತು. ಮೂರು ಪಟ್ಟಿಯೂ ತುಂಡಾದವು. ಕೆಳಗಿನ ಮನೆಯವರೇ ಟೀ ಮಾಡಿ ತಂದಿಟ್ಟರು. ಮೇಷ್ಟ್ರು ಬೀಗ ಬಿದ್ದ ಹಾಲಿನ ಕಥೆ ಹೇಳಿಕೊಂಡರು. ಆಕೆ ಟೈಪಿಂಗ್ ಟೀಚರಂತೆ. ಶಾಲೆ ಮುಚ್ಚಿ ವರ್ಷಗಳಾಗಿವೆ. "ನಾನು ಮೇಜಿಗೆ ಕೋಲು ಕುಟ್ತಾ ಇದ್ರೆ ಆ ತಾಳಕ್ಕೆ ಇಡೀ ಕೋಣೆ ಟೈಪ್ ಮಾಡೋದು ಮೇಷ್ಟ್ರೇ. ಈಗಲೂ ಬೆಳಗ್ಗೆ ಎದ್ರೆ ಕಿವಿ ಆ ಸದ್ದಿಗೆ ಕಾಯತ್ತೆ."

"ನಮ್ಮ ಕ್ಲಾಸಿಗೆ ಯಾಕೆ ಬಂದ್ರಿ?"

"ಒಬ್ಬಳೇ ಇರೋಳು. ನನಗೇನಾದ್ರೂ ಆದ್ರೆ ನಾನೇ ನೋಡ್ಕೋಬೇಕಲ್ಲ, ಕಲ್ತಿರೋಣ ಅಂತ."

ಇಬ್ಬರೂ ಕತ್ತರಿಸಿದ ಪಟ್ಟಿಗಳನ್ನು ನೋಡಿದರು. ತಮಗೆ ತಾವೇ ಮಾಡಿಕೊಳ್ಳಲಾಗದ ವಿದ್ಯೆ ಇದೊಂದೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಬೆಳಗ್ಗೆ ಹೊತ್ತು ನಮ್ಮನೆ ಶಬ್ದದಿಂದ ನಿಮಗೆ ತೊಂದರೆ..." ಎಂದು ಮೇಷ್ಟ್ರು ಪೆಚ್ಚುಪೆಚ್ಚಾಗಿ ಶುರುಮಾಡಿದರು.

"ಶಬ್ದ ಇರಲಿ ಬಿಡಿ. ಶಬ್ದ ಇಲ್ಲದ ಮನೇನೇ ಕಷ್ಟ. ಎಲ್ಲಿ, ಆ ಗಂಟು ತೋರಿಸಿ."

ಮೇಷ್ಟ್ರು ಎದುರಿಗೆ ಕೂರದೆ ಪಕ್ಕದಲ್ಲಿ ಕೂತು, ಕತ್ತರಿಸಿದ ತುಂಡಿನಲ್ಲೇ ತೋರಿಸಿದರು. ಬಲ ಬಲವೇ ಆಗಿತ್ತು, ಎಡ ಎಡವೇ. ಟೀ ಆರುವ ಮೊದಲೇ ಟೀಚರಿಗೆ ಗಂಟು ಹಾಕಲು ಬಂದುಬಿಟ್ಟಿತು.

ಮಾರನೆಯ ದಿನ ಮ್ಯಾನೇಜರ್ ಮೇಡಂ ಫೋನು ಮಾಡಿದರು. "ಸರ್, ನಮ್ಮ ಆಫೀಸಿನವರೆಲ್ಲರೂ ಫುಲ್ ಮಾರ್ಕ್ಸ್ ಕೊಟ್ಟಿದಾರೆ!"

ಮೇಷ್ಟ್ರು ಎದೆ ಉಬ್ಬಿಸಿದರು.

"ಆದ್ರೆ ಸರ್, ಗಂಟು ಹಾಕಿ ಫೋಟೋ ಕಳಿಸಿ ಅಂದಿದ್ದೆ. ಒಂದಾದ್ರೂ ಬಿಚ್ಚೋ ಹಾಗಿದ್ರೆ ಕೇಳಿ. ಒಬ್ಬರಂತೂ ಕುರ್ಚಿಗೇ ಕಟ್ಕೊಂಡು ಇವತ್ತು ರಜಾ ಕೇಳ್ತಿದಾರೆ. ಒಬ್ಬರದ್ದು ಮಾತ್ರ ಸರಿ ಇದೆ, ಆ ಗೆಸ್ಟ್ ಅನ್ನೋರದ್ದು."

ಎದೆ ಇನ್ನೂ ಉಬ್ಬಿತು. "ನಮ್ಮ ಶಿಷ್ಯೆ ಮೇಡಂ!"

"ನಿಮಗೆ ಸೊನ್ನೆ ಕೊಟ್ಟಿರೋದೂ ಅವರೇ ಸರ್. 'ಪರದೆ ನೋಡಿಕೊಂಡು ಗಂಟು ಹಾಕೋಕೆ ಮೇಷ್ಟ್ರಿಗೇ ಬರಲ್ಲ, ಉಳಿದವರಿಗೆ ಎಲ್ಲಿಂದ ಬರಬೇಕು? ಇದನ್ನ ಪಕ್ಕದಲ್ಲಿ ಕೂತು ಕಲೀಬೇಕು. ಹಾಲಿನ ಬೀಗ ತೆಗೀರಿ' ಅಂತ ಬರೆದಿದಾರೆ. ಅವರು ಹೇಳೋದು ಸರಿ ಅನ್ನಿಸ್ತು. ಮಾತೆಲ್ಲ ಆನ್‌ಲೈನಲ್ಲಿ ಹೇಳಿ, ಕೈಕೆಲಸ ಹಾಲಲ್ಲಿ ಮಾಡ್ಸಿ. ಮುಂದಿನ ವಾರ ಬೀಗ ತೆಗೆಸ್ತೀನಿ."

ಉಬ್ಬಿದ ಎದೆ ಸೊನ್ನೆಗೆ ಇಳಿಯಿತು, ಹಾಲಿಗೆ ಏರಿತು. ಎಲ್ಲಿ ನಿಲ್ಲಬೇಕೋ ತಿಳಿಯದೆ ಮೇಷ್ಟ್ರು ಸಂತೋಷ ತಡೆಯಲಾರದೆ ಮೈದುನನನ್ನು ನೆಲಕ್ಕೆ ಕೆಡವಿ ಎದೆ ಒತ್ತತೊಡಗಿದರು. ಧಡ್... ಧಡ್... ಧಡ್...

ಕೆಳಗಿನಿಂದ ಟಕ್ ಟಕ್ ಟಕ್ ಟಕ್!

ಮೇಷ್ಟ್ರು ತಟ್ಟನೆ ನಿಲ್ಲಿಸಿದರು. ಈಗ ಪರಿಚಯವಾಗಿದೆಯಲ್ಲ, ಕಿಟಕಿಯಿಂದ ಬಗ್ಗಿ ಕೂಗಿದರು: "ತೊಂದರೆ ಆಯ್ತಾ ಟೀಚರ್? ನಿಲ್ಲಿಸಿದೀನಿ!"

ಕೆಳಗಿನ ಕಿಟಕಿಯಿಂದ ಮೊದಲು ಪೊರಕೆ, ಆಮೇಲೆ ಕನ್ನಡಕ ಹೊರಬಂದವು.

"ನಿಲ್ಲಿಸಿ ಅಂತ ಯಾವತ್ತು ಹೇಳಿದೆ? ಇಷ್ಟು ತಿಂಗಳಿಂದ ತಾಳ ಹೇಳಿಕೊಡ್ತಾ ಇದೀನಿ, ನೀವು ಹಿಡೀತಾನೇ ಇಲ್ಲ! ನಿಮಿಷಕ್ಕೆ ನೂರು ಅಂತ ನಿನ್ನೆ ನೀವೇ ಹೇಳಿದ್ರಲ್ಲ? ಬೇಗ ಬೇಗ ಒತ್ತಿ ಮೇಷ್ಟ್ರೇ, ನಿಮ್ಮ ಈ ವೇಗಕ್ಕೆ ಮೈದುನ ಆಗಲೇ ಎರಡು ಸಲ ಸತ್ತ!"